ಮೊದಲು ಯಾವ ಕೈ

ಅಕ್ಕ ಪರೀಕ್ಷೆಯಲ್ಲಿ ಫೇಲಾಗಿ ಬಂದಳು. ಒಂಬತ್ತು ವರ್ಷದಿಂದ ಕಂಡವರ ಮನೆಗೆ ಹೋಗಿ, ಹಾಸಿಗೆ ಹಿಡಿದವರ ಮೈ ಒರೆಸಿ, ಮಗ್ಗುಲು ಬದಲಿಸಿ, ಬಟ್ಟೆ ತೊಡಿಸಿ ಬರುವ ಹೋಮ್ ನರ್ಸ್ ಅವಳು. ಬಾಗಿಲಲ್ಲಿ ಚಪ್ಪಲಿಯನ್ನು ಒಂದು ಆ ಕಡೆ, ಒಂದು ಈ ಕಡೆ ಒದ್ದು ಒಳಗೆ ಬಂದವಳೇ ಬ್ಯಾಗಿನಿಂದ ತೆಳ್ಳನೆಯ ಪುಸ್ತಕವೊಂದನ್ನು ತೆಗೆದು ನನ್ನ ಲ್ಯಾಪ್‌ಟಾಪಿನ ಪಕ್ಕ ಬಡಿದಳು.

ಪರೀಕ್ಷೆ ಅವಳ ಏಜೆನ್ಸಿಯ ಹೊಸ ಹುಚ್ಚು. ಆರೈಕೆಯ ಬಗ್ಗೆ ಒಂದು ಕೈಪಿಡಿ ಅಚ್ಚು ಹಾಕಿಸಿ, ಎಲ್ಲ ನರ್ಸುಗಳಿಗೂ ಹಂಚಿ, ಅದರ ಮೇಲೆ ಹತ್ತು ಪ್ರಶ್ನೆ ಕೇಳಿದ್ದರು. ಹತ್ತಕ್ಕೆ ಹತ್ತೂ ಸರಿ ಇರಬೇಕು. ರೋಗಿಯ ವಿಷಯದಲ್ಲಿ ಒಂದು ತಪ್ಪಿಗೂ ಜಾಗವಿಲ್ಲ ಎಂದು ಅಲ್ಲಿನ ಮೇಡಂ ಹೇಳಿದ್ದರಂತೆ. ಏಜೆನ್ಸಿ ಶುರುವಾದ ವರ್ಷ, ಏಜೆನ್ಸಿಯ ಧ್ಯೇಯವಾಕ್ಯ ಎಲ್ಲವನ್ನೂ ಅಕ್ಕ ಸರಿಯಾಗಿ ಬರೆದಿದ್ದಳು. ತಪ್ಪಿದ್ದು ಏಳನೇ ಪ್ರಶ್ನೆ. ಒಂದು ಪಕ್ಕ ಲಕ್ವ ಹೊಡೆದವರಿಗೆ ಅಂಗಿ ತೊಡಿಸುವಾಗ ಮೊದಲು ಯಾವ ಕೈ? ಸ್ವಾಧೀನ ಇಲ್ಲದ ಕೈ ಎಂದು ಅಕ್ಕ ಬರೆದಿದ್ದಳು. ಪುಸ್ತಕದಲ್ಲಿ ಬೇರೆ ಇತ್ತು.

ಎರಡು ವಾರ ಬಿಟ್ಟು ಮತ್ತೊಂದು ಪರೀಕ್ಷೆ. ಅಲ್ಲಿಯವರೆಗೆ ಅವಳನ್ನು ಯಾವ ಮನೆಗೂ ಕಳಿಸುವುದಿಲ್ಲ. ಅದರಲ್ಲೂ ಫೇಲಾದರೆ ಏಜೆನ್ಸಿಯ ಪಟ್ಟಿಯಿಂದಲೇ ಹೆಸರು ತೆಗೆಯುತ್ತಾರೆ. ಏಳು ತಿಂಗಳಿಂದ ಅವಳು ನೋಡಿಕೊಳ್ಳುತ್ತಿದ್ದ ತಾತನ ಮನೆಗೆ ನಾಳೆಯಿಂದ ಬೇರೆಯವಳು.

ಪುಸ್ತಕದಲ್ಲಿ ಏನಿದೆಯೋ ಅದನ್ನೇ ಗೀಚಿ ಬಂದಿದ್ದರೆ ಗಂಟೇನು ಹೋಗುತ್ತಿತ್ತು ಎಂದು ಅಮ್ಮ ಕೇಳಿದಳು.

“ಬರೆಯೋಣ ಅಂತಲೇ ಕೂತೆ ಅಮ್ಮ. ಕೈ ಬರಲಿಲ್ಲ,” ಎಂದಳು ಅಕ್ಕ. ಆಮೇಲೆ ಪುಸ್ತಕ ತೆರೆದು ಓದಿದಳು. “ಕೇಳಿಲ್ಲಿ. ‘ಅಂಗಿ ತೊಡಿಸುವಾಗ ಮೊದಲು ಚೆನ್ನಾಗಿರುವ ಕೈಯನ್ನು ತೋಳಿಗೆ ಸೇರಿಸಿ. ಗೆದ್ದ ಕೈ ಮುಂದೆ ನಡೆದರೆ ಸೋತ ಕೈ ಧೈರ್ಯದಿಂದ ಹಿಂಬಾಲಿಸುತ್ತದೆ.’ ಹಿಂಬಾಲಿಸುತ್ತಂತೆ. ಅದೇನು ಮದುವೆ ದಿಬ್ಬಣವಾ? ಯಾವ ಕತ್ತೆ ಬರೆದಿದ್ದೋ ಇದನ್ನ.”

ಆ ಕತ್ತೆ ನಾನು.

ಗೆದ್ದ ಕೈ, ಸೋತ ಕೈ ಎರಡೂ ನನ್ನವೇ. ಆ ವಾಕ್ಯ ಬರೆದ ದಿನ ಅದನ್ನು ಮೂರು ಸಲ ಓದಿಕೊಂಡು ಸಂತೋಷಪಟ್ಟಿದ್ದೆ. ಈಗ ಅದು ಮೂವತ್ತೊಂದನೇ ಪುಟದಲ್ಲಿ ಅಚ್ಚಾಗಿ ಕೂತಿತ್ತು. ರಕ್ಷಾಪುಟದ ಮೇಲೆ ಸ್ಟೆತಾಸ್ಕೋಪ್ ಹಾಕಿಕೊಂಡ ಒಬ್ಬ ಡಾಕ್ಟರರ ಫೋಟೋ, ಕೆಳಗೆ ಅವರದೇ ಹೆಸರು. ನಾನು ಲ್ಯಾಪ್‌ಟಾಪ್ ಮುಚ್ಚಿದೆ, ಅಷ್ಟೇ.

ನಾನು ಬರೆದು ಬದುಕಬೇಕು ಎಂದುಕೊಂಡು ಆಗ ಎಂಟು ತಿಂಗಳಾಗಿತ್ತು. ಬರೆಯುವವರಿಗೆ ಕೆಲಸ ಕೊಡುವ ಸೈಟೊಂದರಲ್ಲಿ ಖಾತೆ ತೆರೆದಿದ್ದೆ. ಕೆಲಸ ಇರುವವರು ಅಲ್ಲಿ ಹಾಕುತ್ತಾರೆ, ನಾವು ಬಿಡ್ ಮಾಡುತ್ತೇವೆ. ಇಷ್ಟಕ್ಕೆ ಬರೆದುಕೊಡುತ್ತೇನೆ ಎಂದು ಒಬ್ಬಳು, ಅದರ ಅರ್ಧಕ್ಕೆ ಎಂದು ಇನ್ನೊಬ್ಬ, ಹೆಸರು ಬಂದರೆ ಸಾಕು ಎಂದು ಮತ್ತೊಬ್ಬ. ಹಾಗೆ ಕೂಗುವುದಕ್ಕೂ ಟೋಕನ್ ಬೇಕು. ತಿಂಗಳಿಗೆ ಐದು ಪುಕ್ಕಟೆ, ಆಮೇಲಿನವನ್ನು ಕೊಳ್ಳಬೇಕು. ಕೆಲಸ ಸಿಗದಿದ್ದರೆ ಟೋಕನ್ ವಾಪಸ್ ಬರುವುದಿಲ್ಲ. ಅಂದರೆ ಕೆಲಸ ಕೇಳಿ ಬಾಗಿಲಿಗೆ ಬಂದವರಿಂದಲೇ ಬಾಗಿಲು ಬಡಿದದ್ದಕ್ಕೆ ಬಾಡಿಗೆ. ನಲವತ್ತು ಜನ ಬಡಿದರೆ ಒಬ್ಬರಿಗೆ ಬಾಗಿಲು ತೆಗೆಯುತ್ತದೆ, ಸೈಟಿಗೆ ನಲವತ್ತೂ ಜನರಿಂದ ಆದಾಯ.

ಪ್ರೊಫೈಲಿನ ಪಕ್ಕ ನಕ್ಷತ್ರಗಳಿರುತ್ತವೆ. ನಕ್ಷತ್ರ ಇಲ್ಲದವರಿಗೆ ಕೆಲಸ ಇಲ್ಲ, ಕೆಲಸ ಮಾಡದವರಿಗೆ ನಕ್ಷತ್ರ ಇಲ್ಲ. ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು. ಎಂಟು ತಿಂಗಳಲ್ಲಿ ನನಗೆ ಸಿಕ್ಕಿದ್ದು ಎರಡು ಕೆಲಸ. ಬಚ್ಚಲು ಮನೆಯ ಮುನ್ನೂರು ಬಗೆಯ ನಲ್ಲಿಗಳಿಗೆ ಒಂದೊಂದು ಪ್ಯಾರಾ ವರ್ಣನೆ, ನಿವೃತ್ತನಾಗುತ್ತಿದ್ದ ಯಾರೋ ಒಬ್ಬ ಅಧಿಕಾರಿಗೆ ತನ್ನನ್ನೇ ಹೊಗಳಿಕೊಳ್ಳುವ ಭಾಷಣ. ನಲ್ಲಿಯವನು ನಾಲ್ಕು ನಕ್ಷತ್ರ ಕೊಟ್ಟ. ಐದನೆಯದು ಯಾಕಿಲ್ಲ ಎಂದು ಕೇಳಿದ್ದಕ್ಕೆ, ಐದು ಕೊಟ್ಟರೆ ನೀವು ರೇಟು ಏರಿಸುತ್ತೀರಿ ಎಂದು ಉತ್ತರ ಬರೆದ.

ಅಮ್ಮನಿಗೆ ಇದನ್ನೆಲ್ಲ ಒಮ್ಮೆ ವಿವರಿಸಿದ್ದೆ. ಅವಳು ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸಿನಲ್ಲಿ ದುಡಿದವಳು. ಹರಾಜಿನಲ್ಲಿ ಜಾಸ್ತಿ ಕೂಗಿದವರಿಗೆ ಮಾಲು ಸಿಗುವುದು ಲೋಕದ ರೂಢಿ, ಕಮ್ಮಿ ಕೂಗಿದವರಿಗೆ ಸಿಗುವುದಾದರೆ ಅಲ್ಲಿ ಹರಾಜಾಗುತ್ತಿರುವುದು ಮಾಲಲ್ಲ, ಮರ್ಯಾದೆ ಎಂದಿದ್ದಳು. ಕೆಲಸ ಕೊಡುವ ಮೊದಲು ಸ್ಯಾಂಪಲ್ ಎಂದು ಒಂದಷ್ಟನ್ನು ಬಿಟ್ಟಿ ಬರೆಸಿಕೊಳ್ಳುತ್ತಾರೆ ಎಂದು ಹೇಳಿದಾಗ ಮಾತ್ರ ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು.

“ನಮ್ಮ ಫ್ಯಾಕ್ಟರಿಯಲ್ಲಿ ಸ್ಯಾಂಪಲ್ ಹೊಲಿಯೋಳಿಗೆ ಎಲ್ಲರಿಗಿಂತ ಜಾಸ್ತಿ ಸಂಬಳ ಇತ್ತು ಕಣೇ. ಮೊದಲನೇ ಪೀಸ್ ಹೊಲಿಯೋದೇ ಕಷ್ಟ, ಆಮೇಲಿನದೆಲ್ಲ ಅದರ ನಕಲು. ನಿಮ್ಮಲ್ಲಿ ಕಷ್ಟದ್ದನ್ನೇ ಬಿಟ್ಟಿ ಮಾಡಿಸ್ಕೋತಾರಾ?”

ಈ ಕೈಪಿಡಿಯೂ ಹಾಗೆಯೇ ಬಂದದ್ದು. ಹೆಸರು ಹೇಳದ ಗ್ರಾಹಕನೊಬ್ಬ, ಇಪ್ಪತ್ತು ಅಧ್ಯಾಯಗಳ ಕೈಪಿಡಿ ಬೇಕು ಎಂದು ಹಾಕಿದ್ದ. ಆಸಕ್ತರು ಒಂದು ಅಧ್ಯಾಯ ಸ್ಯಾಂಪಲ್ ಬರೆಯಬೇಕು, ವಿಷಯ ಅವನೇ ಕೊಡುತ್ತಾನೆ, ಮೆಚ್ಚುಗೆಯಾದವರಿಗೆ ಇಡೀ ಪುಸ್ತಕ. ಮನೆಯಲ್ಲೇ ಹೋಮ್ ನರ್ಸ್ ಇದ್ದಾಳೆ, ನನ್ನನ್ನು ಬಿಟ್ಟು ಇನ್ಯಾರಿಗೆ ಸಿಗುತ್ತದೆ ಎಂದು ಕೊನೆಯ ಎರಡು ಟೋಕನ್ ಹಾಕಿದೆ. ಮಧ್ಯಾಹ್ನ ಎರಡಕ್ಕೆ ವಿಷಯ ಬಂತು: ಬಟ್ಟೆ ತೊಡಿಸುವುದು. ಸಂಜೆ ಆರಕ್ಕೆ ಮುಟ್ಟಬೇಕು, ತಡವಾದರೆ ಓದುವುದಿಲ್ಲ. ಅಕ್ಕನಿಗೆ ಫೋನ್ ಮಾಡಿದೆ. ಕೆಲಸದ ಮನೆಗಳಲ್ಲಿ ನರ್ಸುಗಳ ಫೋನನ್ನು ಬೆಳಿಗ್ಗೆಯೇ ಒಂದು ಡಬ್ಬಿಗೆ ಹಾಕಿಸಿಕೊಳ್ಳುತ್ತಾರೆ, ಸಂಜೆ ಏಳಕ್ಕೆ ಕೊಡುತ್ತಾರೆ. ನೆನಪಿದ್ದದ್ದನ್ನೆಲ್ಲ ಬರೆದೆ. ಗುಂಡಿಯ ಬದಲು ಅಂಟುಪಟ್ಟಿ ಹೊಲಿಸಬೇಕು, ಮೊದಲು ಹೇಳಿ ಆಮೇಲೆ ಮುಟ್ಟಬೇಕು, ಬಟ್ಟೆಯನ್ನು ತಣ್ಣಗೆ ಮೈಗೆ ತಾಗಿಸಬಾರದು. ಎಲ್ಲ ಅಕ್ಕ ಊಟಕ್ಕೆ ಕೂತಾಗ ಹೇಳಿದ್ದು. ಯಾವ ಕೈ ಮೊದಲು ಎಂಬುದು ಮಾತ್ರ ನೆನಪಾಗಲಿಲ್ಲ. ಗಂಟೆ ಐದೂಮುಕ್ಕಾಲು.

ಬಿಡ್ ಮಾಡಿ ಬದುಕುವವರು ಎಲ್ಲಿ ಜಾರುತ್ತಾರೆ ಎಂದು ಯಾರಾದರೂ ಕೇಳಿದರೆ ಈಗ ಹೇಳಬಲ್ಲೆ. ಸ್ಯಾಂಪಲ್ ತಾನೆ ಎಂದುಕೊಳ್ಳುತ್ತೇವೆ. ಗೊತ್ತಿಲ್ಲದ ಜಾಗ ಬಂದಾಗ ಯಾರನ್ನಾದರೂ ಕೇಳುವ ಬದಲು ವಾಕ್ಯವನ್ನು ಚೆಂದ ಮಾಡುತ್ತೇವೆ. ನಾನೂ ಚೆಂದ ಮಾಡಿದೆ. ಎರಡು ದಿನದ ಮೇಲೆ ಉತ್ತರ ಬಂತು. ನಿಮ್ಮ ಬರವಣಿಗೆ ನಮ್ಮ ಗುಣಮಟ್ಟಕ್ಕೆ ಹೊಂದುವುದಿಲ್ಲ, ಶುಭವಾಗಲಿ. ಆ ನಾಚಿಕೆಗೆ ಅಕ್ಕನಿಗೆ ತೋರಿಸಲೂ ಇಲ್ಲ.

ಅಕ್ಕ ಸ್ನಾನಕ್ಕೆ ಹೋದಾಗ ಪುಸ್ತಕ ಪೂರ್ತಿ ಓದಿದೆ. ಒಂದು ಅಧ್ಯಾಯದಲ್ಲಿ ರೋಗಿ, ಮುಂದಿನದರಲ್ಲಿ ಪೇಷಂಟ್, ಅದರ ಮುಂದಿನದರಲ್ಲಿ ‘ನಮ್ಮ ಹಿರಿಯ ಜೀವ’. ಒಂಬತ್ತನೆಯದರಲ್ಲಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಎಂದಿತ್ತು, ಹದಿನಾಲ್ಕನೆಯದರಲ್ಲಿ ಮಲಗಿದವರನ್ನು ಬೆಳಗಿನವರೆಗೆ ಅಲುಗಿಸಬೇಡಿ ಎಂದಿತ್ತು. ಇಪ್ಪತ್ತು ಅಧ್ಯಾಯ, ಇಪ್ಪತ್ತು ದನಿ. ಆ ಕೆಲಸಕ್ಕೆ ಬಿಡ್ ಮಾಡಿದವರು ನಲವತ್ತಾರು ಜನ. ಗ್ರಾಹಕ ಅವರಲ್ಲಿ ಇಪ್ಪತ್ತು ಜನರ ಸ್ಯಾಂಪಲ್ ಹೆಕ್ಕಿ ಹೊಲಿದಿದ್ದ. ಯಾರನ್ನೂ ಕೆಲಸಕ್ಕೆ ತೆಗೆದುಕೊಳ್ಳಲೇ ಇಲ್ಲ. ಒಂದು ಕಾಸು ಬಿಚ್ಚದೆ ಪುಸ್ತಕವಾಯಿತು, ಸೈಟಿಗೆ ನಲವತ್ತಾರು ಜನರ ಟೋಕನ್ ಆಯಿತು. ಕಳ್ಳನಿಗೂ ಲಾಭ, ಕಳ್ಳನಿಗೆ ಏಣಿ ಹಿಡಿದವನಿಗೂ ಲಾಭ.

ಅಕ್ಕ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮೊದಲು ಯಾವ ಕೈ ಅನ್ನುವುದರಿಂದ ಏನು ವ್ಯತ್ಯಾಸವಾಗುತ್ತದೆ ಎಂದು ಮೆಲ್ಲಗೆ ಕೇಳಿದೆ. ಬಾಯಲ್ಲಿ ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ತುಂಬುತೋಳಿನ ಅಂಗಿ ತಂದಳು. ದುಪ್ಪಟ್ಟಾದಿಂದ ನನ್ನ ಎಡಗೈಯನ್ನು ಹೊಟ್ಟೆಗೆ ಸೇರಿಸಿ ಬಿಗಿದು, ಇದು ಬಿದ್ದ ಕೈ ಎಂದಳು. ಬಲಗೈಯನ್ನು ತೋಳಿಗೆ ಹಾಕಿದಳು. ಅಂಗಿ ಬೆನ್ನಿನ ಹಿಂದೆ ಬಿಗಿಯಾಯಿತು. ಎಡಗೈಯನ್ನು ತೋಳಿಗೆ ಸೇರಿಸಲು ಭುಜ ಹಿಂದಕ್ಕೆ ತಿರುಗಬೇಕು. ಅಕ್ಕ ಎಳೆದಳು. ಕಣ್ಣಲ್ಲಿ ನೀರು ಬಂತು.

“ನೋವಾಯ್ತಾ? ನಿನಗೆ ಇಪ್ಪತ್ತೈದು. ತಾತನಿಗೆ ಎಂಬತ್ತು, ಭುಜದ ಕೀಲು ಸಡಿಲ ಆಗಿದೆ, ಎಳೆದರೆ ಕಳಚಿಕೊಳ್ಳುತ್ತೆ. ಅವರಿಗೆ ಮಾತೂ ಬರಲ್ಲ. ನಾಳೆ ಹೋಗೋಳು ಪುಸ್ತಕ ಓದಿ ಪಾಸಾದವಳು.”

ಅಂಗಿ ಅರ್ಧ ಮೈಮೇಲಿರುವಾಗಲೇ ಹೇಳಿದೆ. ಬರೆದದ್ದು ನಾನೇ ಎಂದೆ.

ಅಕ್ಕ ನನ್ನ ಮುಖವನ್ನೇ ನೋಡಿದಳು. ಕೈ ಬಿಚ್ಚಲಿಲ್ಲ.

“ಎಷ್ಟು ಕೊಟ್ಟರು?”

“ಏನೂ ಇಲ್ಲ. ಸ್ಯಾಂಪಲ್ ಅಂತ ಕಳಿಸಿದ್ದೆ.”

“ಬಿಟ್ಟಿ ಬರೆದೆಯಾ?” ಎಂದಳು ಅಕ್ಕ. “ಬಿಟ್ಟಿಯಾಗಿ ಸುಳ್ಳು ಬರೆದು ನನ್ನ ಅನ್ನ ಕಿತ್ತುಕೊಂಡೆಯಾ? ದುಡ್ಡಿಗಾದರೂ ಕಿತ್ತುಕೊಳ್ಳಬಾರದಿತ್ತೇನೇ.”

ಅಡುಗೆ ಮನೆಗೆ ಹೋಗಿ ಒಂದು ಲೋಟ ನೀರು ಕುಡಿದಳು. ದುಪ್ಪಟ್ಟಾ ಬಿಚ್ಚಿದ್ದು ಅಮ್ಮ.

ಮರುದಿನ ಸೈಟಿಗೆ ದೂರು ಬರೆದೆ. ನನ್ನ ಸ್ಯಾಂಪಲ್ ಮತ್ತು ಮೂವತ್ತೊಂದನೇ ಪುಟದ ಫೋಟೋ ಪಕ್ಕಪಕ್ಕ ಇಟ್ಟು ಕಳಿಸಿದೆ. ನಾಲ್ಕು ನಿಮಿಷದಲ್ಲಿ ಉತ್ತರ ಬಂತು. ಸ್ಯಾಂಪಲ್ ಅನ್ನು ನೀವು ಸ್ವಇಚ್ಛೆಯಿಂದ ನೀಡಿದ್ದೀರಿ, ನಿಯಮಗಳಿಗೆ ಒಪ್ಪಿದ್ದೀರಿ, ದೂರು ಮುಕ್ತಾಯವಾಗಿದೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ? ಸ್ವಇಚ್ಛೆಯಂತೆ. ಕೈ ಕಾಲು ಕಟ್ಟಿ ಬಾವಿಗೆ ತಳ್ಳಿ, ಈಜಲು ಇಷ್ಟವಿರಲಿಲ್ಲ ಎಂದು ವರದಿ ಬರೆಯುವವರು ಇವರು.

ಬಿಡ್ ಮಾಡಿದವರ ಪಟ್ಟಿ ಇನ್ನೂ ಕಾಣುತ್ತಿತ್ತು. ಯಾರೂ ನಿಜವಾದ ಹೆಸರು ಹಾಕಿರಲಿಲ್ಲ. ಮಸಿಕುಡಿಕೆ, ಬಾಲವಿಲ್ಲದ ಅಳಿಲು, ನಿವೃತ್ತ ಮೇಷ್ಟ್ರು. ಒಬ್ಬೊಬ್ಬರಿಗೂ ಬರೆದೆ. ನಿಮ್ಮ ಅಧ್ಯಾಯವೂ ಇದರಲ್ಲಿದೆಯೇ ನೋಡಿ, ಎಲ್ಲ ಸೇರಿ ಕೇಳೋಣ. ಮೂವರು ಉತ್ತರ ಕೊಟ್ಟರು. ಮಸಿಕುಡಿಕೆ ಸುಮ್ಮನಿರಲು ಹೇಳಿದ, ಆ ಗ್ರಾಹಕ ಮುಂದೆ ಕೆಲಸ ಕೊಟ್ಟರೂ ಕೊಡಬಹುದಂತೆ. ಮೇಷ್ಟ್ರು ಹದಿನಾಲ್ಕನೇ ಅಧ್ಯಾಯ ತಮ್ಮದೇ ಎಂದು ಒಪ್ಪಿಕೊಂಡರು, ಆದರೆ ಈ ವಯಸ್ಸಿನಲ್ಲಿ ಜಗಳ ಬೇಡ ಎಂದರು. ಅಳಿಲು ಮಾತ್ರ ಕುಣಿದಾಡಿದಳು. ಪ್ರಿಂಟ್ ಆಗಿದೆಯಾ ಅಕ್ಕಾ, ಫೋಟೋ ಕಳಿಸಿ, ಪ್ರೊಫೈಲಿಗೆ ಹಾಕ್ಕೋತೀನಿ ಎಂದಳು. ನನಗೆ ಅವರ ಮೇಲೆ ಬಂದ ಸಿಟ್ಟು ಸೈಟಿನ ಮೇಲೆ ಬಂದದ್ದಕ್ಕಿಂತ ಕಡಿಮೆಯೇನಲ್ಲ. ಸಂಜೆಯೊಳಗೆ ಇತರ ಸದಸ್ಯರಿಗೆ ಕಿರಿಕಿರಿ ಮಾಡಿದ್ದಕ್ಕಾಗಿ ನನ್ನ ಖಾತೆಯನ್ನು ಒಂದು ವಾರ ತಡೆಹಿಡಿದರು.

ಕೊನೆಗೆ ಅಕ್ಕನೇ ನನ್ನನ್ನು ಏಜೆನ್ಸಿಗೆ ಕರೆದುಕೊಂಡು ಹೋದಳು. ಎರಡನೇ ಮಹಡಿಯಲ್ಲಿ ಒಂದೇ ಉದ್ದನೆಯ ಕೋಣೆ. ಬಾಗಿಲ ಬಳಿ ಹೆಬ್ಬೆಟ್ಟು ಒತ್ತುವ ಯಂತ್ರ, ಗೋಡೆಗೆ ಪ್ಲಾಸ್ಟಿಕ್ ಕುರ್ಚಿಗಳು, ಮೂಲೆಯ ಮಂಚದ ಮೇಲೆ ತರಬೇತಿಗೆಂದು ತಂದ ಬೊಂಬೆ. ಅದರ ಎರಡೂ ಕೈ ಮೈಗೆ ಅಂಟಿಕೊಂಡಿದ್ದವು. ಅದಕ್ಕೆ ಮೊದಲು ಯಾವ ಕೈಯಾದರೂ ಒಂದೇ.

ಮೇಡಂ ನಮ್ಮನ್ನು ಕೂರಿಸಿ, ನಾವು ಹೇಳಿದ್ದನ್ನು ಕೇಳಿಸಿಕೊಂಡರು. ಪುಸ್ತಕ ಮಾಡಿಸಿಕೊಡುವ ಒಬ್ಬನಿಗೆ ಕೆಲಸ ಒಪ್ಪಿಸಿದ್ದೆವು, ಪೂರ್ತಿ ಹಣ ಕೊಟ್ಟಿದ್ದೇವೆ, ಡಾಕ್ಟರು ನೋಡಿದ್ದಾರೆ, ಅವನು ಯಾರ ಕೈಲಿ ಬರೆಸಿದನೋ ನಮಗೆ ಸಂಬಂಧವಿಲ್ಲ ಎಂದರು. ಡಾಕ್ಟರು ನೋಡಿದ್ದರೆ ಈ ಸಾಲು ಉಳಿಯುತ್ತಿರಲಿಲ್ಲ ಎಂದು ನಾನು ಹೇಳಿದೆ. ಸ್ಯಾಂಪಲ್ ಕಳಿಸಿದ ದಿನ, ಗಂಟೆ ಎಲ್ಲ ತೋರಿಸಿದೆ. ಅವರು ನನ್ನ ಲ್ಯಾಪ್‌ಟಾಪನ್ನು ಎರಡು ಬೆರಳಿನಿಂದ ನನ್ನ ಕಡೆಗೇ ತಿರುಗಿಸಿದರು.

“ನೀವೇ ಬರೆದಿದ್ದು ಅಂತೀರಿ. ಅದು ತಪ್ಪು ಅಂತಲೂ ನೀವೇ ಅಂತೀರಿ. ಹಾಗಾದರೆ ನಿಮ್ಮ ಯಾವ ಮಾತು ನಂಬಬೇಕಮ್ಮಾ ನಾನು?”

ಬರೆಯಲು ಶುರುಮಾಡಿದ ಮೇಲೆ ಇದು ನನ್ನದು ಎಂದು ನಾನು ಎದೆ ತಟ್ಟಿ ಹೇಳಿಕೊಂಡ ಮೊದಲ ಸಾಲು ಅದು. ಅದೇ ತಪ್ಪು.

ಸರಿ, ಏನಿರಬೇಕಿತ್ತೋ ಅದನ್ನು ಒಂದು ಸಾಲು ಬರೆದುಕೊಡಿ, ಚೀಟಿ ಅಂಟಿಸುತ್ತೇವೆ ಎಂದು ಮೇಡಂ ಒಂದು ಕಾಗದ ಮುಂದಿಟ್ಟರು. ನಾನು ಪೆನ್ನು ತೆಗೆದೆ. ಅಕ್ಕ ಕಾಗದದ ಮೇಲೆ ಕೈಯಿಟ್ಟಳು.

“ಬಿಟ್ಟಿ ಬರೆದಾಗ ತಪ್ಪು ಬರೆದಳು ಮೇಡಂ. ಈ ಸಲ ದುಡ್ಡು ಕೊಟ್ಟು ಬರೆಸಿ, ಸರಿಯಾಗಿ ಬರೀತಾಳೆ.”

“ಒಂದು ಸಾಲಿಗೂ ದುಡ್ಡಾ?”

“ಒಂದು ಸಾಲಿಗೆ ನನ್ನ ಕೆಲಸ ಹೋಗಿದೆಯಲ್ಲ.”

ಮೇಡಂ ಕಾಗದ ಹಿಂದಕ್ಕೆಳೆದುಕೊಂಡರು. ನೀನು ಪರೀಕ್ಷೆಗೆ ಓದಿಕೋ ಹೋಗು ಎಂದು ಅಕ್ಕನಿಗೆ ಹೇಳಿ, ಫೋನು ಕೈಗೆತ್ತಿಕೊಂಡರು. ಇಷ್ಟೆಲ್ಲದರ ನಡುವೆ ಸ್ವಾಧೀನವಿಲ್ಲದ ಕೈಯೇ ಮೊದಲು ಎಂದು ಅಕ್ಕ ಅವರ ಮುಖಕ್ಕೆ ಮೂರು ಸಲ ಹೇಳಿದ್ದಳು. ಅದು ಬಾಯಿಮಾತು. ಹೋಮ್ ನರ್ಸ್ ಬಾಯಿಂದ ಬಂದದ್ದು ಜ್ಞಾನವಲ್ಲ, ಡಾಕ್ಟರ ಫೋಟೋ ಹಿಂದೆ ಅಚ್ಚಾದದ್ದು ಜ್ಞಾನ.

ನಾಲ್ಕು ದಿನ ಬಿಟ್ಟು ನನ್ನ ಖಾತೆ ತೆರೆದುಕೊಂಡಿತು. ಮತ್ತೆ ಸ್ವಾಗತ, ನಿಮಗಾಗಿ ಹೊಸ ಕೆಲಸಗಳಿವೆ ಎಂದು ಸೈಟು ಹಲ್ಲು ಕಿರಿಯಿತು. ಪಟ್ಟಿಯಲ್ಲಿ ಮೂರನೆಯದು ಇದು. ‘ಆರೈಕೆ ಕೈಪಿಡಿ, ಪುಟ 31. ಒಂದು ವಾಕ್ಯವನ್ನು ಸರಳವಾಗಿ, ಮನಮುಟ್ಟುವಂತೆ ಮತ್ತೆ ಬರೆಯಬೇಕು. ಮೊದಲು ಸ್ಯಾಂಪಲ್ ಕಳುಹಿಸಿ.’ ಒಂದೇ ವಾಕ್ಯದ ಕೆಲಸಕ್ಕೆ ಸ್ಯಾಂಪಲ್ ಅಂದರೆ ಆ ವಾಕ್ಯವೇ. ಮಧ್ಯಾಹ್ನದ ಹೊತ್ತಿಗೆ ಮೂವತ್ತೆಂಟು ಬಿಡ್ ಬಿದ್ದಿದ್ದವು.

ಪೆಟ್ಟಿಗೆಯಲ್ಲಿ ಸರಿಯಾದ ಸಾಲು ಟೈಪ್ ಮಾಡಿದೆ. ಪುಕ್ಕಟೆ ಟೋಕನ್ ಐದೂ ಇದ್ದವು. ಕಳಿಸಿದರೆ ಚೀಟಿಯಾದರೂ ಸರಿಯಾಗುತ್ತದೆ, ಅಕ್ಕ ಪಾಸಾಗುತ್ತಾಳೆ. ಅಕ್ಕ ಹಿಂದೆ ನಿಂತು ಓದುತ್ತಿದ್ದಳು.

“ಕಳಿಸಿದೆಯೋ, ನನ್ನ ತಂಗಿ ಅಂತ ಹೇಳ್ಕೋಬೇಡ,” ಎಂದಳು. “ನನ್ನ ಪರೀಕ್ಷೆ ನಾನು ನೋಡ್ಕೋತೀನಿ.” ಟೈಪ್ ಮಾಡಿದ ಸಾಲನ್ನು ಅಳಿಸಿದೆ.

ಅವಳು ಆ ವಾರವೆಲ್ಲ ಸುಮ್ಮನೆ ಕೂತಿರಲಿಲ್ಲ. ಸಂಜೆ ಏಳು ಹೊಡೆದು, ಡಬ್ಬಿಯಿಂದ ಫೋನುಗಳು ಈಚೆ ಬರುತ್ತಿದ್ದಂತೆ ಒಬ್ಬೊಬ್ಬರಿಗೂ ಫೋನ್ ಮಾಡುತ್ತಿದ್ದಳು. ಎರಡನೇ ಪರೀಕ್ಷೆಗೆ ಕೂರಬೇಕಿದ್ದವರು ಮೂವತ್ನಾಲ್ಕು ಜನ, ಫೇಲಾದವರು ಮತ್ತು ಮೊದಲ ಸಲ ಬರೆಯುವವರು. ಎಲ್ಲರಿಗೂ ಎಲ್ಲರ ಮುಖ ಗೊತ್ತು. ಒಬ್ಬಳ ರಜೆಗೆ ಇನ್ನೊಬ್ಬಳು ಹೋಗಿದ್ದಾಳೆ, ಒಬ್ಬಳ ಹೆರಿಗೆಗೆ ಇನ್ನೊಬ್ಬಳು ಕೂತಿದ್ದಾಳೆ. ಏಳನೇ ಪ್ರಶ್ನೆಗೆ ನಿಮ್ಮ ಕೈಗೆ ಗೊತ್ತಿರುವುದನ್ನೇ ಬರೆಯಿರಿ ಎಂದು ಅಕ್ಕ ಹೇಳಿದಳಂತೆ. ಹೆದರಿದವರು ಹತ್ತು ಜನ ಇದ್ದರು. ಅವರನ್ನು ಪರೀಕ್ಷೆಯ ದಿನ ಏಜೆನ್ಸಿಯ ಮೆಟ್ಟಿಲ ಮೇಲೆ ಕೂರಿಸಿಕೊಂಡು, ಒಬ್ಬಳ ಕೈ ಕಟ್ಟಿ, ನನಗೆ ಮಾಡಿದ್ದನ್ನೇ ಮಾಡಿ ತೋರಿಸಿದಳು.

ಮೂವತ್ನಾಲ್ಕೂ ಜನ ಸ್ವಾಧೀನವಿಲ್ಲದ ಕೈ ಎಂದು ಬರೆದರು. ಮೂವತ್ನಾಲ್ಕೂ ಜನ ಫೇಲು. ಫೇಲಾದವರ ಬದಲಿಗೆ ಹೋಗಿದ್ದವರು ಪರೀಕ್ಷೆಯ ದಿನಕ್ಕೇ ತಮ್ಮ ತಮ್ಮ ಕೆಲಸದ ಮನೆಗಳಿಗೆ ಮರಳಿದ್ದರು. ಮರುದಿನ ಬೆಳಿಗ್ಗೆ ಮೂವತ್ನಾಲ್ಕು ಮನೆಗಳಲ್ಲಿ ಮೂವತ್ನಾಲ್ಕು ರೋಗಿಗಳು ಮಲಗಿದಲ್ಲೇ ಇದ್ದರು. ಹತ್ತು ಗಂಟೆಯೊಳಗೆ ಮೇಡಂ ಎಲ್ಲರಿಗೂ ಮೆಸೇಜು ಕಳಿಸಿದರು. ಅನಿವಾರ್ಯ ಕಾರಣಗಳಿಂದ ಏಳನೇ ಪ್ರಶ್ನೆಯನ್ನು ರದ್ದು ಮಾಡಲಾಗಿದೆ, ಎಲ್ಲರೂ ಕೆಲಸಕ್ಕೆ ಹೋಗುವುದು. ತಪ್ಪಾಗಿತ್ತು ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ಅಕ್ಕ ಹನ್ನೊಂದರ ಬಸ್ಸಿಗೆ ತಾತನ ಮನೆಗೆ ಹೋದಳು. ಸಂಜೆ ಬಂದು, ತಾತನ ಎಡಭುಜ ಊದಿಕೊಂಡಿದೆ ಎಂದಳು. ನನಗೆ ಅಷ್ಟೇ ಸಾಕಿತ್ತು.

ಹತ್ತು ದಿನದ ಮೇಲೆ ಚೀಟಿ ಬಂತು. ಮೂವತ್ತೊಂದನೇ ಪುಟದ ಆ ಸಾಲಿನ ಮೇಲೆ ನೀಟಾಗಿ ಅಂಟಿಸಿದ್ದರು. ಅಕ್ಕ ಊಟದ ತಟ್ಟೆಯ ಮುಂದೆ ಕೂತು ಅದನ್ನು ಓದಿದಳು. ‘ಅಂಗಿ ತೊಡಿಸುವಾಗ ಚೆನ್ನಾಗಿರುವ ಕೈಗೆ ಮೊದಲ ಗೌರವ ಕೊಡಿ. ಬಳಲಿದ ಕೈ ಪ್ರೀತಿಯಿಂದ ಅದರ ಹೆಜ್ಜೆಯಲ್ಲಿ ಹೆಜ್ಜೆ ಇಡುತ್ತದೆ.’

ಮತ್ತೆ ಬರೆಯಿರಿ ಎಂದಿದ್ದರು, ಗೆದ್ದವರು ಯಾರೋ ಮತ್ತೆ ಬರೆದಿದ್ದರು. ಸರಿಯೇ ಎಂದು ನೋಡಿ ಎಂದು ಯಾರೂ ಹೇಳಿರಲಿಲ್ಲ, ಯಾರೂ ನೋಡಿರಲಿಲ್ಲ. ಸೈಟಿನಲ್ಲಿ ಹುಡುಕಿದೆ. ಕೆಲಸ ಬಾಲವಿಲ್ಲದ ಅಳಿಲಿಗೆ ಸಿಕ್ಕಿತ್ತು. ಐದು ನಕ್ಷತ್ರ. ಕೆಳಗೆ ಅವಳ ಮಾತು: ನನ್ನ ಮೊದಲ ಕೆಲಸ, ನಂಬಿದ್ದಕ್ಕೆ ಧನ್ಯವಾದ. ಬಯ್ಯಬೇಕು ಎಂದು ಬರೆಯತೊಡಗಿ, ನಾಲ್ಕು ಸಾಲಾದ ಮೇಲೆ ಅಳಿಸಿದೆ. ನಾನೇ ಅವಳಾಗಿದ್ದೆನಲ್ಲ. ‘ಭುಜ ಕಳಚುತ್ತದೆ’ ಎಂದಷ್ಟೇ ಬರೆದು ಕಳಿಸಿದೆ. ಯಾವ ಭುಜ ಅಕ್ಕಾ ಎಂದು ಕೇಳಿದಳು. ಹೇಳಿದೆ. ಆಮೇಲೆ ಖಾತೆ ಮುಚ್ಚಿದೆ. ಮುಚ್ಚುವ ಮುನ್ನ ಸೈಟು ಕಾರಣ ಕೇಳಿತು, ಐದು ಕಾರಣಗಳ ಪಟ್ಟಿ ಕೊಟ್ಟು ಒಂದನ್ನು ಆರಿಸಿ ಎಂದಿತು. ನನ್ನದು ಆ ಐದರಲ್ಲಿ ಇರಲಿಲ್ಲ.

“ಈ ಸಲ ಭಾಷೆ ನಿನ್ನದಕ್ಕಿಂತ ಚೆನ್ನಾಗಿದೆ,” ಎಂದಳು ಅಕ್ಕ. “ಕೈಗೆ ಹೆಜ್ಜೆ ಬೇರೆ ಬಂದಿದೆ.”

ಕೈ ತೊಳೆದು ಬಂದು, ತನ್ನ ಬ್ಯಾಗನ್ನು ಚಾಪೆಯ ಮೇಲೆ ಬುಡಮೇಲು ಮಾಡಿದಳು. ಎಲ್ಲರ ಪುಸ್ತಕಗಳನ್ನೂ ಕಟ್ಟಿಕೊಂಡು ಬಂದಿದ್ದಳು, ಮೂವತ್ನಾಲ್ಕು. ಚೀಟಿ ಕಿತ್ತು, ಕೆಳಗಿನ ಸಾಲು ಹೊಡೆದುಹಾಕಿ, ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು. ಅಮ್ಮ ಚೀಟಿ ಕೀಳಲು ಕೂತಳು. ಹೊಲಿಗೆ ಬಿಚ್ಚಿ ಅಭ್ಯಾಸವಿದ್ದ ಉಗುರು, ಪುಟ ಹರಿಯುತ್ತಿರಲಿಲ್ಲ.

“ಇದೂ ಬಿಟ್ಟಿನಾ?” ಎಂದು ಅಮ್ಮ ಕೇಳಿದಳು.

“ಬಿಟ್ಟಿ ಅಲ್ಲ. ದಂಡ,” ಎಂದು ಅಕ್ಕ ನನ್ನ ಕಡೆಗೆ ಪೆನ್ನು ಎಸೆದಳು.

ಸ್ವಾಧೀನವಿಲ್ಲದ ಕೈ ಮೊದಲು. ಮೂವತ್ನಾಲ್ಕು ಸಲ ಬರೆದೆ. ಒಂದನ್ನೂ ಚೆಂದ ಮಾಡಲಿಲ್ಲ.